ಮುಪ್ಪಿನ ಗಂಟಿಗೆ ಸಿಕ್ಕ ವಿನಾಯಿತಿ

1965ರವರೆಗೆ ಬ್ರಿಟನ್ನಿನಲ್ಲಿ ಸಂಬಳಕ್ಕೆ ತೆರಿಗೆ ಇತ್ತು, ವ್ಯಾಪಾರದ ವರಮಾನಕ್ಕೂ ಇತ್ತು. ಆದರೆ ವರ್ಷಗಟ್ಟಲೆ ಇಟ್ಟುಕೊಂಡ ಆಸ್ತಿಯನ್ನೋ ಷೇರನ್ನೋ ಮಾರಿ ಗಳಿಸಿದ ಲಾಭಕ್ಕೆ ಇರಲಿಲ್ಲ. ಯುದ್ಧಾನಂತರದ ಲಂಡನ್ನಿನಲ್ಲಿ ಕಚೇರಿ ಕಟ್ಟಡಗಳನ್ನು ಎಬ್ಬಿಸಿ ದೊಡ್ಡ ಕುಳಗಳಾದವರು ಒಂದೆಡೆ, ವಾರದ ಕೂಲಿ ಕೈಗೆ ಬರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ಕಾರ್ಮಿಕರು ಇನ್ನೊಂದೆಡೆ. ಲೇಬರ್ ಪಕ್ಷದ ಹಣಕಾಸು ಸಚಿವ ಜೇಮ್ಸ್ ಕ್ಯಾಲಹನ್ ಆ ವರ್ಷದ ಏಪ್ರಿಲ್ ಬಜೆಟ್ಟಿನಲ್ಲಿ ಶೇ 30ರ ಬಂಡವಾಳ ಗಳಿಕೆ ತೆರಿಗೆ ತಂದರು.

ಆ ತೆರಿಗೆಯ ಜೊತೆಗೇ ಒಂದು ವಿನಾಯಿತಿಯೂ ಹುಟ್ಟಿತು. ಬೀದಿ ಮೂಲೆಯಲ್ಲಿ ದಿನಸಿ ಅಂಗಡಿಯನ್ನೋ ಬೇಕರಿಯನ್ನೋ ನಡೆಸುವವರಿಗೆ ಪಿಂಚಣಿ ಎಲ್ಲಿಂದ ಬರಬೇಕು? ದುಡಿದದ್ದನ್ನೆಲ್ಲ ಅಂಗಡಿಗೇ ಹಾಕಿರುತ್ತಾರೆ. ಕೈಕಾಲು ಸೋತಾಗ ಅದನ್ನು ಮಾರಿ ಬರುವ ದುಡ್ಡೇ ಮುಂದಿನ ಬದುಕಿಗೆ ಆಸರೆ. ಅಂಥವರಿಗಾಗಿ ಬಂದದ್ದು ನಿವೃತ್ತಿ ವಿನಾಯಿತಿ. ವಯಸ್ಸು 60 ದಾಟಿರಬೇಕು, ವ್ಯಾಪಾರವನ್ನು 10 ವರ್ಷ ನಡೆಸಿರಬೇಕು. ಹಾಗಿದ್ದರೆ ಗರಿಷ್ಠ 10,000 ಪೌಂಡ್‌ವರೆಗಿನ ಲಾಭ ತೆರಿಗೆಯಿಂದ ಪಾರು. ಈ ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ಒಪ್ಪುವ ಘಟ್ಟ ಇದೇ. ಯಾರಿಗೆ ಕೊಡುತ್ತಿದ್ದೇವೆ, ಏಕೆ ಕೊಡುತ್ತಿದ್ದೇವೆ ಎಂಬುದು ಕಾನೂನಿಗೆ ಗೊತ್ತಿತ್ತು.

ಗೊತ್ತಿದ್ದರೂ ಬಿಗಿ ಮಾತ್ರ ಸಡಿಲವಾಗಿರಲಿಲ್ಲ. 1977ರಲ್ಲಿ ವರದಿಯಾದ ಒಂದು ಮೊಕದ್ದಮೆಯಲ್ಲಿ, 35 ಎಕರೆಯ ಬೇಸಾಯಗಾರನೊಬ್ಬ ಮನೆ ಕಟ್ಟಲು ಪರವಾನಗಿ ಸಿಕ್ಕಿದ್ದ ಸುಮಾರು 5 ಎಕರೆ ಮಾರಿ ವಿನಾಯಿತಿ ಕೇಳಿದ. ನ್ಯಾಯಾಲಯ ಒಪ್ಪಲಿಲ್ಲ. ಉಳಿದ ನೆಲದಲ್ಲಿ ಬೇಸಾಯ ಮೊದಲಿನಂತೆಯೇ ಸಾಗಿದೆ. ಮಾರಿದ್ದು ಜಮೀನೇ ಹೊರತು ವ್ಯವಹಾರದ ಒಂದು ಭಾಗವಲ್ಲ ಎಂಬುದು ತೀರ್ಪಿನ ತಿರುಳು. ಯಾರು ಎಷ್ಟು ಹಾಲು ಮಾರಬಹುದು ಎಂದು ಮಿತಿ ಹಾಕುವ ಯುರೋಪಿನ ಹಾಲಿನ ಕೋಟಾ ಪದ್ಧತಿ ಬಂದ ಮೇಲೆ ಇನ್ನೊಬ್ಬ ರೈತ ಮೊದಲು ಹಸುಗಳನ್ನೆಲ್ಲ ಮಾರಿದ, ಸುಮಾರು ಒಂದು ವರ್ಷ ಬಿಟ್ಟು ಕೋಟಾ ಮಾರಿದ. ಹಸುಗಳು ಹೋದ ದಿನವೇ ಹೈನುಗಾರಿಕೆ ನಿಂತಿತು, ಕೋಟಾ ಬರೀ ಉಳಿದುಹೋದ ಆಸ್ತಿ ಎಂದು ಅವನಿಗೂ ವಿನಾಯಿತಿ ನಿರಾಕರಿಸಲಾಯಿತು. ನಿವೃತ್ತಿ ವಿನಾಯಿತಿ ಈಗಿಲ್ಲ, ಆದರೆ ವ್ಯವಹಾರ ಬೇರೆ, ಅದರ ಆಸ್ತಿ ಬೇರೆ ಎನ್ನುವ ಈ ಗೆರೆ ಅದರ ನಂತರ ಬಂದ ಕಾನೂನಿನಲ್ಲೂ ಹಾಗೇ ಉಳಿದಿದೆ. ಅಲ್ಲಿನ ಲೆಕ್ಕಪರಿಶೋಧಕರು ಮಾರಾಟದ ಮಾತು ಬಂದಾಗಲೆಲ್ಲ ಏನನ್ನು, ಯಾವಾಗ, ಯಾವುದರ ಹಿಂದೆ ಮಾರುತ್ತೀರಿ ಎಂದು ಕೇಳುವುದು ಇದಕ್ಕೇ.

ಕಾಲ ಕಳೆದಂತೆ ಮಿತಿ ಏರಿತು, ವಯಸ್ಸು ಇಳಿಯಿತು. 1990ರ ದಶಕದ ನಡುವಿಗೆ ವಯಸ್ಸು 50ಕ್ಕೆ ಬಂದಿತ್ತು, ಮೊದಲ 2.5 ಲಕ್ಷ ಪೌಂಡ್ ಲಾಭಕ್ಕೆ ಪೂರ್ತಿ, ಅಲ್ಲಿಂದ 10 ಲಕ್ಷದವರೆಗೆ ಅರ್ಧ ವಿನಾಯಿತಿ. 1998ರಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ದಿಕ್ಕನ್ನೇ ಬದಲಿಸಿದರು. ವಯಸ್ಸಿನ ಷರತ್ತು ಬೇಡ, ಎಷ್ಟು ವರ್ಷ ಇಟ್ಟುಕೊಂಡಿದ್ದೀರಿ ಎನ್ನುವುದಷ್ಟೇ ಮುಖ್ಯ ಎಂದರು. ಮೊದಲು 10 ವರ್ಷ ಎಂದಿದ್ದ ಅವಧಿ 2002ರ ಹೊತ್ತಿಗೆ 2 ವರ್ಷಕ್ಕೆ ಇಳಿಯಿತು. ಲಾಭದ ಮುಕ್ಕಾಲು ಪಾಲಿಗೆ ತೆರಿಗೆ ಇಲ್ಲ. ಶೇ 40 ಕಟ್ಟಬೇಕಾದವರು ಕಟ್ಟಿದ್ದು ಶೇ 10. ಇದಕ್ಕೆ ಮೇಲ್ಮಿತಿಯೇ ಇರಲಿಲ್ಲ. ನಿವೃತ್ತಿ ವಿನಾಯಿತಿ ಹಂತಹಂತವಾಗಿ ಸವೆದು 2003ಕ್ಕೆ ಕಣ್ಣು ಮುಚ್ಚಿತು. ದಾರಿ ತಪ್ಪಿದ್ದು ಇಲ್ಲೇ ಎಂದು ನಾನು ಭಾವಿಸುತ್ತೇನೆ. ಮುದುಕರ ಊರುಗೋಲಾಗಿದ್ದದ್ದು ಸಿರಿವಂತರ ಸಲಕರಣೆಯಾಯಿತು.

ಅದು ಬಯಲಾದದ್ದು 2007ರಲ್ಲಿ. ಕಂಪನಿಗಳನ್ನು ಕೊಂಡು ಮಾರುವ ಖಾಸಗಿ ಈಕ್ವಿಟಿ ವಲಯದ ನಿಕೋಲಸ್ ಫರ್ಗ್ಯುಸನ್ ಎಂಬ ಹಿರಿಯರೇ, ತಮ್ಮ ವಲಯದವರು ಕಟ್ಟುವ ತೆರಿಗೆಯ ದರ ಕಚೇರಿ ಗುಡಿಸುವ ಹೆಂಗಸು ಕಟ್ಟುವುದಕ್ಕಿಂತ ಕಡಿಮೆ ಎಂದು ಬಹಿರಂಗವಾಗಿ ಹೇಳಿದರು. ದೇಶ ಸಿಡಿದೆದ್ದಿತು. ಅಕ್ಟೋಬರಿನಲ್ಲಿ ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಎಲ್ಲರಿಗೂ ಒಂದೇ ದರ, ಶೇ 18 ಎಂದರು. ಈಗ ಸಿಡಿದವರು ಸಣ್ಣ ವ್ಯಾಪಾರಿಗಳು: ದೊಡ್ಡವರ ಮೇಲಿನ ಸಿಟ್ಟಿಗೆ ನಾವೇಕೆ ಬೆಲೆ ತೆರಬೇಕು? ಪ್ರಶ್ನೆ ನ್ಯಾಯವಾದದ್ದೇ. 2008ರ ಜನವರಿಯಲ್ಲಿ ಡಾರ್ಲಿಂಗ್ ಮಣಿದರು. ಹಳೆಯ ನಿವೃತ್ತಿ ವಿನಾಯಿತಿಯ ಅಚ್ಚಿನಲ್ಲೇ, ಆದರೆ ವಯಸ್ಸಿನ ಷರತ್ತಿಲ್ಲದೆ, ಉದ್ಯಮಿಗಳ ವಿನಾಯಿತಿ ಬಂತು. ಜೀವಮಾನದಲ್ಲಿ ಒಟ್ಟು 10 ಲಕ್ಷ ಪೌಂಡ್ ಲಾಭಕ್ಕೆ ಶೇ 10 ದರ. ಕಂಪನಿಯಾದರೆ ಕನಿಷ್ಠ ಶೇ 5 ಷೇರು ಇರಬೇಕು, ಅಲ್ಲಿ ನೌಕರಿಯನ್ನೋ ನಿರ್ದೇಶಕ ಸ್ಥಾನವನ್ನೋ ಹೊಂದಿರಬೇಕು.

ಮುಂದಿನ ಮೂರು ವರ್ಷಗಳಲ್ಲಿ ಮಿತಿ ಹತ್ತುಪಟ್ಟಾಯಿತು. 2010ರ ಏಪ್ರಿಲ್‌ನಲ್ಲಿ 20 ಲಕ್ಷ. ಜೂನ್‌ನಲ್ಲಿ ಹೊಸ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ 50 ಲಕ್ಷ ಮಾಡಿದರು, 2011ಕ್ಕೆ 1 ಕೋಟಿ. ಆಗ ಮೇಲಿನ ದರ ಶೇ 28. ಹಾಗಾಗಿ ಒಬ್ಬ ವ್ಯಕ್ತಿಗೆ 18 ಲಕ್ಷ ಪೌಂಡ್‌ವರೆಗೆ ಉಳಿತಾಯ. ಬೇಕರಿಯವನಿಗೆ ಇಷ್ಟು ದೊಡ್ಡ ಮಿತಿ ಯಾವತ್ತೂ ಬೇಕಿರಲಿಲ್ಲ.

ಕತ್ತರಿ ಹಾಕಿದವರು ಕನ್ನಡಿಗರಿಗೆ ಗುರುತಿನವರು. ನಾರಾಯಣಮೂರ್ತಿ, ಸುಧಾ ಮೂರ್ತಿ ದಂಪತಿಯ ಅಳಿಯ ರಿಷಿ ಸುನಕ್ ಹಣಕಾಸು ಸಚಿವರಾಗಿ ತಿಂಗಳು ತುಂಬುವ ಮೊದಲೇ, 2020ರ ಮಾರ್ಚ್ 11ರಂದು, ಮಿತಿಯನ್ನು ಮತ್ತೆ 10 ಲಕ್ಷಕ್ಕೆ ಇಳಿಸಿದರು. ಸೌತಾಂಪ್ಟನ್ನಿನಲ್ಲಿ ಅವರ ತಾಯಿ ಔಷಧಿ ಅಂಗಡಿ ನಡೆಸುತ್ತಿದ್ದರು. ಸಣ್ಣ ವ್ಯಾಪಾರದ ಒಳಹೊರಗು ಅವರಿಗೆ ಹೊಸದಲ್ಲ. ಅವರು ಸಂಸತ್ತಿಗೆ ಕೊಟ್ಟ ಲೆಕ್ಕ ಹೀಗಿತ್ತು: ವಿನಾಯಿತಿಯ ವೆಚ್ಚ ವರ್ಷಕ್ಕೆ 200 ಕೋಟಿ ಪೌಂಡಿಗೂ ಹೆಚ್ಚು, ಅದರಲ್ಲಿ ಮುಕ್ಕಾಲಿನ ಹತ್ತಿರ ಹೋಗುತ್ತಿರುವುದು ಬರೀ 5,000 ಜನರಿಗೆ. ಉದ್ಯಮ ತೆರೆಯಲು ಈ ವಿನಾಯಿತಿ ಪ್ರೇರಣೆಯಾಯಿತು ಎಂದವರು ಪಡೆದವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಹೆಸರಿನಿಂದ ಉದ್ಯಮಿ ಎಂಬ ಮಾತೂ ಹೋಯಿತು. ಈಗದು ವ್ಯಾಪಾರ ಆಸ್ತಿ ಮಾರಾಟ ವಿನಾಯಿತಿ.

2024ರ ಅಕ್ಟೋಬರಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ದರವನ್ನೇ ಮುಟ್ಟಿದರು: 2025ರ ಏಪ್ರಿಲ್‌ನಿಂದ ಶೇ 14, 2026ರ ಏಪ್ರಿಲ್‌ನಿಂದ ಶೇ 18. ಸಾಮಾನ್ಯ ಮೇಲಿನ ದರ ಶೇ 24. ಅಂದರೆ 10 ಲಕ್ಷದ ಮಿತಿಯನ್ನು ಪೂರ್ತಿ ಬಳಸಿಕೊಂಡರೂ ಉಳಿಯುವುದು ಹೆಚ್ಚೆಂದರೆ 60,000 ಪೌಂಡ್. ವಿನಾಯಿತಿಯನ್ನು ಇಳಿಸಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಇಂದಿನ ಕಾನೂನಿನ ಮುಂದೆ, ಎರಡು ವರ್ಷ ಹಳೆಯ ಕಂಪನಿ ಮಾರುವ ಮೂವತ್ತರ ಯುವಕನೂ, ನಲವತ್ತು ವರ್ಷ ಕಬ್ಬಿಣದ ಅಂಗಡಿಯ ಬಾಗಿಲು ತೆರೆದ ಎಪ್ಪತ್ತರ ಅಜ್ಜನೂ ಒಂದೇ. ದರ, ಮಿತಿಗಳನ್ನು ಇಷ್ಟು ಸಲ ತಿದ್ದಿದವರಲ್ಲಿ ಒಬ್ಬರೂ ಕ್ಯಾಲಹನ್ ಇಟ್ಟಿದ್ದ ವಯಸ್ಸಿನ ಷರತ್ತನ್ನು ಮರಳಿ ತಂದಿಲ್ಲ.