ನೀರು ಇಳಿದ ಮೇಲೆ

ರಾಜ್ಯೋತ್ಸವದ ನಾಟಕಕ್ಕೆ ಅಭ್ಯಾಸ ನಡೆಯುತ್ತಿದ್ದಾಗ ನಮ್ಮಲ್ಲೊಬ್ಬನ ಅಂಗಾಲಿನ ಗಾಯದ ಗುರುತು ನೋಡಿ ಸಂಘದ ಹಿರಿಯರೊಬ್ಬರು ಇದೇನೆಂದು ಕೇಳಿದರು. ಹೇಳಿದೆವು. ಎಲ್ಲ ಕೇಳಿ, "ಇದನ್ನು ಸಂಚಿಕೆಗೆ ಬರೆದುಕೊಡಿ, ನಿಮ್ಮ ಹಾಗೆ ಹೋಗುವವರು ಬಹಳ ಜನ ಇದ್ದಾರೆ" ಎಂದರು. ನಾಚಿಕೆಯಿಂದ ಎರಡು ತಿಂಗಳು ಮುಂದೂಡಿ ಈಗ ಬರೆಯುತ್ತಿದ್ದೇವೆ.

ನಾವು ಆರು ಜನ, ಶಾರ್ಜಾದಲ್ಲಿ ಒಂದೇ ತರಗತಿಯಲ್ಲಿ ಓದುತ್ತಿದ್ದವರು. ಹೆಸರು ಹಾಕುವುದು ಬೇಡವೆಂದು ನಮ್ಮೊಳಗೆ ಒಪ್ಪಂದವಾಗಿದೆ. ಊರಿನ ಹೆಸರೇ ಸಾಕು: ಗಂಗೊಳ್ಳಿ, ಬೀದರ್, ದಾವಣಗೆರೆ, ಮೈಸೂರು, ಉಳಿದಿಬ್ಬರು ಬೆಂಗಳೂರು.

ಜನವರಿಯ ಒಂದು ಶನಿವಾರ. ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಉಮ್ಮ್ ಅಲ್ ಕ್ವೈನ್‌ನ ಹಿನ್ನೀರಿಗೆ ಹೋಗಿ ದೋಣಿ ನಡೆಸೋಣ ಎಂದು ಹೊರಟೆವು. ಆ ಜಾಗ ನೋಡದವರು ಖಂಡಿತ ನೋಡಬೇಕು. ಸಮುದ್ರಕ್ಕೂ ಒಳನೀರಿಗೂ ನಡುವೆ ಮರಳದಿಬ್ಬಗಳು, ದ್ವೀಪಗಳು. ಅವುಗಳಲ್ಲಿ ದೊಡ್ಡದಾದ ಸಿನ್ನಿಯಾ ದ್ವೀಪದಲ್ಲಿ ಪ್ರಾಚೀನ ಕ್ರೈಸ್ತ ಮಠವೊಂದರ ಅವಶೇಷ ಸಿಕ್ಕಿದ ಸುದ್ದಿ 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಚಳಿಗಾಲದಲ್ಲಿ ರಾಜಹಂಸಗಳು ಇಳಿಯುತ್ತವೆ. ಒಳಗೆಲ್ಲ ಕಾಂಡ್ಲಾ ಕಾಡು. ಅರಬ್ಬಿಯಲ್ಲಿ ಇದನ್ನು 'ಖುರ್ಮ್' ಎನ್ನುತ್ತಾರೆ. ಎಲೆಯ ಮೇಲೆ ನಾಲಿಗೆ ಇಟ್ಟರೆ ಉಪ್ಪು; ಹೀರಿದ ಉಪ್ಪನ್ನು ಗಿಡ ಎಲೆಯಿಂದಲೇ ಹೊರಹಾಕುತ್ತದೆ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಉಸಿರಾಟದ ಬೇರುಗಳು ಮೇಲಕ್ಕೆ ನಿಂತಿರುತ್ತವೆ.

ಮೂರು ಪ್ಲಾಸ್ಟಿಕ್ ದೋಣಿ ಬಾಡಿಗೆಗೆ ತೆಗೆದುಕೊಂಡೆವು, ಒಂದಕ್ಕಿಬ್ಬರು. ಬಾಡಿಗೆ ಕೊಟ್ಟಾತ ಲೈಫ್ ಜಾಕೆಟ್ ಬಿಗಿದು, "ಆ ಕೆಂಪು ಬಾವುಟ ದಾಟಬೇಡಿ, ನಾಲ್ಕಕ್ಕೆ ವಾಪಸ್ ಬನ್ನಿ" ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ತಪ್ಪು ಅವನದಲ್ಲ, ನಮ್ಮದು.

"ಎಂತ ಮಾರಾಯ್ರೆ, ಹೆದ್ರೂದೆಂತಕ್ಕೆ? ಗಂಗೊಳ್ಳಿ ಅಳಿವೆಯಂಗೆ ಆಡಿ ಬೆಳೆದವ ನಾನ್" ಎಂದ ಗಂಗೊಳ್ಳಿಯವನು ಮುಂದೆ, ನಾವು ಹಿಂದೆ. ಬೀದರಿನವನಿಗೆ ಈಜು ಬಾರದು. ಅವನನ್ನು ದಾರಿಯುದ್ದಕ್ಕೂ ರೇಗಿಸಿದೆವು. ಎರಡೂವರೆಗೆ ಹೊರಟಾಗ ನೀರು ಇನ್ನೂ ತುಂಬಿತ್ತು. ಬಾವುಟದ ಆಚೆ ಗಿಡಗಳ ನಡುವೆ ಕನ್ನಡಿಯಂಥ ನೀರಿನ ಬಯಲು. ಅದನ್ನು ಅಡ್ಡ ಹಾಯ್ದು ಒಂದು ಕಿರಿದಾದ ಕಾಲುವೆಯೊಳಗೆ ನುಗ್ಗಿದೆವು. ಎಷ್ಟು ಚೆಂದವಿತ್ತೆಂದರೆ ಗಡಿಯಾರ ನೋಡಲಿಲ್ಲ.

ನಮಗೆ ಗೊತ್ತಿರಬೇಕಿದ್ದದ್ದು ಇಷ್ಟು. ಉಬ್ಬರದಿಂದ ಇಳಿತಕ್ಕೆ ಹೆಚ್ಚೂಕಡಿಮೆ ಆರು ಗಂಟೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಇಳಿತದ ನಡುವಿನ ಎರಡು ಗಂಟೆಯಲ್ಲಿ ಅತಿ ವೇಗ. ಆಳವಿಲ್ಲದ ಹಿನ್ನೀರಿನಲ್ಲಿ ಒಂದು ಮೊಳ ನೀರು ಹೋದರೆ ಬಯಲಿಗೆ ಬಯಲೇ ಬರಿದಾಗುತ್ತದೆ. ಆ ದಿನ ಹುಣ್ಣಿಮೆಯ ಮರುದಿನ. ಉಬ್ಬರ-ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಆರು ಜನರಲ್ಲಿ ಒಬ್ಬರೂ ನೋಡಿರಲಿಲ್ಲ. ಪಂಚಗಂಗಾವಳಿಯ ದಡದಲ್ಲಿ ಬೆಳೆದವನೂ ನೋಡಿರಲಿಲ್ಲ. ಊರಲ್ಲಿ ನೀರು ನೋಡುವ ಕೆಲಸ ಅಪ್ಪಂದಾಗಿತ್ತು ಎಂದು ಆಮೇಲೆ ಒಪ್ಪಿಕೊಂಡ.

ನಾಲ್ಕೂವರೆಗೆ ಹಿಂದಿರುಗಿ ಬಂದರೆ ನೀರಿನ ಬಯಲು ಇರಲಿಲ್ಲ. ಬೂದು ಕೆಸರು, ಅದರ ಮೇಲೆ ಓಡಾಡುವ ಏಡಿಗಳು. ನಮ್ಮ ಕಾಲುವೆಯೂ ಕಣ್ಣೆದುರೇ ಸಣ್ಣದಾಗಿ, ಮೂರೂ ದೋಣಿಗಳು ತಳ ಊರಿ ನಿಂತವು. ದಡದಲ್ಲಿ ನಮ್ಮ ಕಾರು ಕಾಣುತ್ತಿತ್ತು, ಬೆಂಕಿಪೆಟ್ಟಿಗೆಯಷ್ಟು.

"ನಡೆದೇ ಹೋಗುವ" ಎಂದು ಗಂಗೊಳ್ಳಿಯವನು ಇಳಿದ. ನಾಲ್ಕನೆಯ ಹೆಜ್ಜೆಗೆ ತೊಡೆಯವರೆಗೆ ಹೂತುಹೋದ. ಕಾಲು ಕೀಳಲು ಒದ್ದಾಡಿದಷ್ಟೂ ಇನ್ನೊಂದು ಕಾಲು ಒಳಗೆ. ಮೊದಲು ನಗು ಬಂತು. ಅವನ ಮುಖ ನೋಡಿದ ಮೇಲೆ ನಗು ನಿಂತಿತು. ಎಲ್ಲರೂ ಇಳಿದು ಎಳೆಯೋಣ ಎಂದು ಒಬ್ಬರು, ಬೇಡ ಎಂದು ಒಬ್ಬರು ಕೂಗಾಡುತ್ತಿದ್ದಾಗ ಬೀದರಿನವನು ಒಂದೇ ಮಾತು ಹೇಳಿದ: "ಯಾರೂ ಇಳೀಬ್ಯಾಡ್ರಿ. ಹೋದ ನೀರು ಬಂದೇ ಬರ್ತದ."

ಖಾಲಿ ದೋಣಿಯೊಂದನ್ನು ಕೆಸರಿನ ಮೇಲೆ ಜಾರಿಸಿ ಗಂಗೊಳ್ಳಿಯವನ ಪಕ್ಕಕ್ಕೆ ತಳ್ಳಿದೆವು. ಅವನು ಅದರ ಮೇಲೆ ಎದೆ ಇಟ್ಟು ಮಲಗಿ, ಒಂದೊಂದೇ ಕಾಲನ್ನು ಅಲ್ಲಾಡಿಸಿ ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಚಪ್ಪಲಿ ಅಲ್ಲೇ ಉಳಿಯಿತು. ಒಳಗಿದ್ದ ಚಿಪ್ಪು ಕೊಯ್ದು ಅಂಗಾಲು ಸೀಳಿತ್ತು. ದಾವಣಗೆರೆಯವಳು ತನ್ನ ದುಪಟ್ಟಾ ಹರಿದು ಕಟ್ಟಿದಳು. ರಕ್ತ ಬೇಗ ನಿಲ್ಲಲಿಲ್ಲ.

ಈಗ ಬರೆಯಲು ಕಷ್ಟವಾಗುವ ಭಾಗ. ನಮ್ಮ ಬಳಿ ನೀರು ತಾಗದ ಚೀಲದಲ್ಲಿ ಒಂದು ಫೋನ್ ಇತ್ತು. 996ಕ್ಕೆ ಕರೆದರೆ ಕರಾವಳಿ ಕಾವಲು ಪಡೆ ಬರುತ್ತದೆಂದು ಮೈಸೂರಿನವಳಿಗೆ ಗೊತ್ತಿತ್ತು. ಕರೆಯಲಿಲ್ಲ. ಕೇಸಾದರೆ? ದಂಡ ಹಾಕಿದರೆ? ವಿದ್ಯಾರ್ಥಿ ವೀಸಾ ಏನಾದೀತು? ಮನೆಯವರಿಗೆ ತಿಳಿದರೆ? ಮುಕ್ಕಾಲು ಗಂಟೆ ಇದೇ ಚರ್ಚೆ. ಆ ಮುಕ್ಕಾಲು ಗಂಟೆ ಫೋನು ಕೈಯಿಂದ ಕೈಗೆ ಹೋಯಿತು. ನಕ್ಷೆ ನೋಡಿದೆವು, ಟಾರ್ಚ್ ಹಾಕಿದೆವು. ಕೊನೆಗೆ ಕರೆಯೋಣ ಎಂದು ತೀರ್ಮಾನಿಸಿದಾಗ ಅದರ ಚಾರ್ಜ್ ಮುಗಿದಿತ್ತು. ಗಲ್ಫಿನಲ್ಲಿರುವ ನಮ್ಮವರಿಗೆ ಈ ಹೆದರಿಕೆ ಅರ್ಥವಾದೀತು. ಆದರೂ ಅದಕ್ಕೆ ಕ್ಷಮೆ ಇಲ್ಲ, ಎದುರಿಗೆ ಒಬ್ಬನ ಕಾಲಿನಿಂದ ರಕ್ತ ಸುರಿಯುತ್ತಿತ್ತು.

ಆರಕ್ಕೆ ಮುಂಚೆಯೇ ಸೂರ್ಯ ಮುಳುಗಿದ. ಶಮಾಲ್ ಗಾಳಿ ಎದ್ದಿತು. ಮರಳುಗಾಡಿನಲ್ಲಿ ಇಷ್ಟು ಚಳಿ ಇರುತ್ತದೆಂದು ಒದ್ದೆ ಬಟ್ಟೆಯಲ್ಲಿ ಕುಳಿತವರಿಗೇ ಗೊತ್ತು. ಗಾಯಾಳುವನ್ನು ನಡುವೆ ಕೂರಿಸಿ, ದೋಣಿಗಳನ್ನು ಒತ್ತೊತ್ತಾಗಿಟ್ಟು ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆವು. ಒಂದು ಬಾಟಲಿ ನೀರು, ಅರ್ಧ ಪ್ಯಾಕೆಟ್ ಖರ್ಜೂರ. ಬೆಂಗಳೂರಿನವರಿಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದರು. ಏಳರ ಹೊತ್ತಿಗೆ ಚಂದ್ರ ಮೇಲೆ ಬಂದ.

ನಮ್ಮನ್ನು ಉಳಿಸಿದ್ದು ಬೇಳೆ. ಬೀದರಿನವನು ಇರುವುದು ಅವನ ದೊಡ್ಡಪ್ಪನ ಮಗನ ರೂಮಿನಲ್ಲಿ, ಐದು ಜನರ ಜೊತೆ. ಶನಿವಾರ ರಾತ್ರಿಯ ಅಡುಗೆ ಸರದಿ ಅವನದು. ಏಳಕ್ಕೆ ಒಲೆ ಹಚ್ಚುವವನು ಬರಲಿಲ್ಲ, ಫೋನೂ ಹತ್ತಲಿಲ್ಲ. ಅವನು ಎಲ್ಲಿಗೆ ಹೋಗುತ್ತೇನೆಂದು ರೂಮಿನಲ್ಲಿ ಹೇಳಿ ಬಂದಿದ್ದ. ನಮ್ಮಲ್ಲಿ ಹಾಗೆ ಹೇಳಿ ಬಂದವನು ಅವನೊಬ್ಬನೇ. ಅಣ್ಣ ಏಳೂವರೆಗೇ ಪೊಲೀಸರಿಗೆ ಫೋನ್ ಮಾಡಿದ್ದರು. ಬಾಡಿಗೆಯವನೂ ಅಷ್ಟರಲ್ಲಿ ತಾನೇ ಹುಡುಕಿ ಸುಸ್ತಾಗಿ ಕರೆ ಮಾಡಿದ್ದನಂತೆ.

ಎಂಟೂವರೆ ದಾಟಿದ ಮೇಲೆ ದೂರದ ಆಳದ ಕಾಲುವೆಯಲ್ಲಿ ಬೆಳಕು ಕಂಡಿತು. ದೋಣಿ ನಮ್ಮ ಹತ್ತಿರ ಬರಲು ನೀರಿರಲಿಲ್ಲ. "ಬೈಠೇ ರಹೋ, ಪಾನಿ ಆ ರಹಾ ಹೈ" ಎಂದು ಒಬ್ಬ ಅಧಿಕಾರಿ ಧ್ವನಿವರ್ಧಕದಲ್ಲಿ ಹಿಂದಿಯಲ್ಲಿ ಹೇಳಿದರು. ಬೀದರಿನವನು ಹೇಳಿದ ಮಾತೇ. ಆಮೇಲಿನ ಒಂದು ಗಂಟೆ ಅವರು ಬೆಳಕನ್ನು ನಮ್ಮ ಮೇಲಿಂದ ತೆಗೆಯಲಿಲ್ಲ. ಏಡಿಯ ಬಿಲಗಳು ಮೊದಲು ತುಂಬಿದವು, ಬೇರುಗಳ ಬುಡ ಮುಳುಗಿತು, ದೋಣಿ ಒಮ್ಮೆ ಅಲುಗಿತು. ಆ ಅಲುಗಾಟಕ್ಕೆ ದಾವಣಗೆರೆಯವಳು ಅತ್ತುಬಿಟ್ಟಳು.

ಕೇಸಾಗಲಿಲ್ಲ. ಹೆಸರು ಬರೆದುಕೊಂಡರು, ಕಂಬಳಿ ಕೊಟ್ಟರು, ಗಾಯಕ್ಕೆ ಆಸ್ಪತ್ರೆಗೆ ಕಳಿಸಿದರು. ಏಳು ಹೊಲಿಗೆ. ಆ ಅಧಿಕಾರಿ ಬೈಯಲೂ ಇಲ್ಲ. "ಫೋನ್ ಇತ್ತಾ?" ಎಂದು ಕೇಳಿದರು. ಇತ್ತು ಎಂದೆವು. ಮತ್ತೇನೂ ಕೇಳಲಿಲ್ಲ.

ರೂಮಿಗೆ ಮುಟ್ಟಿದಾಗ ರಾತ್ರಿ ಒಂದೂವರೆ. ಅಣ್ಣಂದಿರು ಊಟ ಮಾಡದೆ ಕಾದಿದ್ದರು. ಬೀದರಿನವನು ಬಟ್ಟೆ ಬದಲಿಸಿ ಬಂದು, ಸರದಿ ತನ್ನದೇ ಎಂದು ಕುಕ್ಕರ್ ಇಟ್ಟ. ಮೂರನೆಯ ಸೀಟಿಯವರೆಗೂ ಯಾರೂ ಮಾತಾಡಲಿಲ್ಲ.