ಅನ್ಯರ ಕೀರ್ತಿಗೆ ಸ್ವರ ಬರೆದವನು

1935ರ ಆಗಸ್ಟ್ 21ರ ರಾತ್ರಿ. ಅಮೆರಿಕದ ಲಾಸ್ ಏಂಜಲೀಸ್ ನಗರದ ಪಾಲೊಮಾರ್ ನೃತ್ಯಮಂದಿರದಲ್ಲಿ ಬೆನ್ನಿ ಗುಡ್‌ಮನ್ ಎಂಬ ತರುಣ ಕ್ಲಾರಿನೆಟ್ ವಾದಕನ ವಾದ್ಯವೃಂದ ನುಡಿಸುತ್ತಿತ್ತು. ಮೊದಮೊದಲು ಸಪ್ಪೆಯಾದ ನೃತ್ಯಗೀತಗಳು, ಸಭೆಯೂ ನೀರಸ. ಕಡೆಗೆ, ಆದದ್ದಾಗಲಿ ಎಂದು ತಮ್ಮ ನೆಚ್ಚಿನ ಕೃತಿಗಳ ಹಾಳೆಗಳನ್ನು ತೆರೆದರೆಂದೂ, ಯುವಜನರು ಕುಣಿತವನ್ನು ಮರೆತು ವೇದಿಕೆಯ ಸುತ್ತ ನೆರೆದರೆಂದೂ ಪ್ರತೀತಿ. ‘ಸ್ವಿಂಗ್’ ಯುಗ ಅಂದು ಆರಂಭವಾಯಿತೆಂದು ಗಣಿಸುವುದುಂಟು. ಗುಡ್‌ಮನ್ ‘ಸ್ವಿಂಗಿನ ರಾಜ’ನೆನಿಸಿದ. ಆದರೆ ಆ ಹಾಳೆಗಳಲ್ಲಿ ಮುಖ್ಯವಾದವನ್ನು ಬರೆದಾತ ಬೇರೊಬ್ಬ. ಆತನೇ ಕರಿಯ ಜನಾಂಗದ ಪಿಯಾನೋ ವಾದಕ ಫ್ಲೆಚರ್ ಹೆಂಡರ್ಸನ್.

ಈತ ಹುಟ್ಟಿದ್ದು 1897ರಲ್ಲಿ, ಜಾರ್ಜಿಯಾ ಪ್ರಾಂತದ ಕತ್‌ಬರ್ಟ್ ಎಂಬ ಊರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ತಾಯಿ ಪಿಯಾನೋ ಕಲಿಸುತ್ತಿದ್ದರು. ಮಗ ಓದಿದ್ದು ರಸಾಯನಶಾಸ್ತ್ರ. ಅದೇ ವಿದ್ಯೆಯಲ್ಲಿ ಮುಂದುವರಿಯಲೆಂದು 1920ರಲ್ಲಿ ನ್ಯೂಯಾರ್ಕಿಗೆ ಬಂದ. ಕರಿಯ ರಸಾಯನಜ್ಞನಿಗೆ ಆ ಕಾಲದಲ್ಲಿ ಬಾಗಿಲು ತೆರೆಯುವವರು ವಿರಳ. ಹೊಟ್ಟೆಪಾಡಿಗೆ ಸಂಗೀತ ಪ್ರಕಾಶಕರೊಬ್ಬರ ಅಂಗಡಿಯಲ್ಲಿ ಹಾಡುಗಳನ್ನು ನುಡಿಸಿ ತೋರಿಸುವ ಕೆಲಸ ಹಿಡಿದವನು ಮತ್ತೆ ಪ್ರಯೋಗಶಾಲೆಯ ಕಡೆ ತಿರುಗಲಿಲ್ಲ. ಕೆಲವೇ ವರ್ಷಗಳಲ್ಲಿ ರೋಸ್‌ಲ್ಯಾಂಡ್ ನೃತ್ಯಮಂದಿರದ ವಾದ್ಯವೃಂದಕ್ಕೆ ನಾಯಕನಾದ. 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅಲ್ಲಿಗೆ ಬಂದು, ಒಂದು ವರ್ಷಕ್ಕೂ ಮಿಗಿಲಾಗಿ ತನ್ನ ಟ್ರಂಪೆಟ್ಟಿನಿಂದ ವೃಂದದ ನಡೆಯನ್ನೇ ಬದಲಿಸಿದ.

ಇಲ್ಲೊಂದು ಕುಶಲಕರ್ಮವನ್ನು ವಿವರಿಸಬೇಕು. ಹತ್ತು ಹನ್ನೆರಡು ಮಂದಿ ಮನಸ್ಸಿಗೆ ಬಂದಂತೆ ನುಡಿಸಿದರೆ ಗದ್ದಲವಾದೀತು. ಎಲ್ಲವನ್ನೂ ಬರೆದಿಟ್ಟರೆ ಜಾಝಿನ ಜೀವವೇ ಹೋದೀತು. ಯಾವ ವಾದ್ಯ ಎಲ್ಲಿ ಮಾತಾಡಬೇಕು, ಎಲ್ಲಿ ಮೌನವಾಗಿರಬೇಕು ಎಂದು ಗೊತ್ತುಮಾಡುವವನು ಅರೇಂಜರ್. ಹಿತ್ತಾಳೆಯ ವಾದ್ಯಗಳದೊಂದು ಗುಂಪು, ಸ್ಯಾಕ್ಸೊಫೋನುಗಳದೊಂದು ಗುಂಪು. ಒಂದು ಕೇಳಿದ್ದಕ್ಕೆ ಇನ್ನೊಂದು ಸವಾಲು–ಜವಾಬಿನಂತೆ ಉತ್ತರಿಸುವುದು. ನಡುವೆ ಒಬ್ಬ ವಾದಕನಿಗೆ ಕಲ್ಪನೆಯಂತೆ ವಿಹರಿಸಲು ಎಡೆ. ಇದಕ್ಕೆ ಮೊದಲು ರೂಪ ಕೊಟ್ಟವರಲ್ಲಿ ಹೆಂಡರ್ಸನ್ನನ ವೃಂದದ ಡಾನ್ ರೆಡ್‌ಮನ್ ಪ್ರಮುಖ. 1927ರಲ್ಲಿ ಅವನು ಬಿಟ್ಟುಹೋದ. ಉತ್ತಮ ಅರೇಂಜರುಗಳು ಹೀಗೆ ಒಬ್ಬೊಬ್ಬರಾಗಿ ಹೋದ ಮೇಲೆಯೇ ನಾಯಕ ತಾನಾಗಿ ಲೇಖನಿ ಹಿಡಿದದ್ದು. ರೆಡ್‌ಮನ್ನನ ಜಟಿಲತೆ ಈತನಲ್ಲಿಲ್ಲ. ಸರಳವಾದ ನುಡಿ, ಹಗುರವಾದ ಹೆಜ್ಜೆ. ನನಗಂತೂ ಈ ಸರಳತೆಯೇ ಹೆಚ್ಚಿನದೆಂದು ತೋರುತ್ತದೆ.

ಆದರೆ ವ್ಯವಹಾರ ಈತನಿಗೆ ಒಗ್ಗಲಿಲ್ಲ. 1928ರ ಮೋಟಾರು ಅಪಘಾತದ ಬಳಿಕ ಪತಿಯ ಉತ್ಸಾಹವೇ ಉಡುಗಿತೆಂದು ಪತ್ನಿ ಹೇಳಿದ್ದುಂಟು. ಶಿಸ್ತು ಸಡಿಲಿತು, ಸಂಬಳ ತಪ್ಪಿತು, 1934ರಲ್ಲಿ ವೃಂದವೇ ಒಡೆಯಿತು. ಅದೇ ವರ್ಷದ ಕೊನೆಯಲ್ಲಿ ಗುಡ್‌ಮನ್ನನಿಗೆ ರೇಡಿಯೋದಲ್ಲಿ ವಾರಕ್ಕೊಂದು ಕಾರ್ಯಕ್ರಮ ದೊರೆಯಿತು. ವಾರವಾರವೂ ಹೊಸ ಕೃತಿಗಳು ಬೇಕು. ಹೆಂಡರ್ಸನ್ ಬರೆದು ಮಾರಿದ. ಬಿಳಿಯರ ವೃಂದಗಳಿಗೆ ಸುಲಭವಾಗಿ ದಕ್ಕುತ್ತಿದ್ದ ರೇಡಿಯೋ ಮತ್ತು ಹೋಟೆಲುಗಳ ಅವಕಾಶಗಳು ಕರಿಯರಿಗೆ ದುರ್ಲಭವಾಗಿದ್ದ ಕಾಲವದು. ಗುಡ್‌ಮನ್ ಕೃತಘ್ನನಲ್ಲ, ಈ ಋಣವನ್ನು ಬಹಿರಂಗವಾಗಿಯೇ ಒಪ್ಪಿಕೊಂಡ, 1939ರಲ್ಲಿ ಹೆಂಡರ್ಸನ್ನನನ್ನು ತನ್ನ ವೃಂದಕ್ಕೇ ಸೇರಿಸಿಕೊಂಡ. ಆದರೂ ಕಿರೀಟ ಇದ್ದಲ್ಲೇ ಇತ್ತು.

1936ರಲ್ಲಿ ಷಿಕಾಗೋದಲ್ಲಿ ಹೊಸ ವೃಂದ ಕಟ್ಟಿ ಒಮ್ಮೆ ಮಿಂಚಿದ್ದ ಹೆಂಡರ್ಸನ್ 1950ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, 1952ರ ಡಿಸೆಂಬರ್ 29ರಂದು ತೀರಿಕೊಂಡ. 1961ರಲ್ಲಿ ಆತನ ಮುದ್ರಿಕೆಗಳನ್ನು ಕೊಲಂಬಿಯಾ ಕಂಪೆನಿ ನಾಲ್ಕು ತಟ್ಟೆಗಳಲ್ಲಿ ಸಂಕಲಿಸಿ ‘ಹತಾಶೆಯ ಒಂದು ಅಧ್ಯಯನ’ ಎಂದು ಹೆಸರಿಟ್ಟಿತು. ಹೆಸರು ಅರ್ಧ ಮಾತ್ರ ನಿಜ. ಜೆಲ್ಲಿ ರೋಲ್ ಮಾರ್ಟನ್ ರಚಿಸಿದ ‘ಕಿಂಗ್ ಪೋರ್ಟರ್ ಸ್ಟಾಂಪ್’ ಕೃತಿಯನ್ನು ಹೆಂಡರ್ಸನ್ನನ ವೃಂದ 1933ರಲ್ಲಿ ನುಡಿಸಿದ ಮುದ್ರಿಕೆಯಿದೆ, ಗುಡ್‌ಮನ್ನನ ವೃಂದ 1935ರಲ್ಲಿ ನುಡಿಸಿದ್ದೂ ಇದೆ. ಒಂದಾದ ಮೇಲೊಂದು ಕೇಳಿದರೆ, ಎರಡನೆಯದರಲ್ಲಿ ಮಾತಾಡುತ್ತಿರುವುದು ಯಾರ ದನಿಯೆಂಬುದು ಸಂಗೀತ ಬಾರದವರಿಗೂ ತಿಳಿಯುತ್ತದೆ.