ಸಾರೋಟಿನಿಂದ ಮೋಟಾರಿಗೆ: ಹಳೆಯ ವಾಹನಗಳ ಜೀರ್ಣೋದ್ಧಾರ ಮತ್ತು ಬಾಗಲಕೋಟೆ ಸೀಮೆಯ ಗಾಲಿ ಕಸುಬು

ಮೋಟಾರು ವಾಹನದ ಚರಿತ್ರೆಯನ್ನು ಸಾಮಾನ್ಯವಾಗಿ ಎಂಜಿನ್ನಿನ ಚರಿತ್ರೆಯೆಂದೇ ಬರೆಯಲಾಗಿದೆ. ಆದರೆ ಮೊದಲ ತಲೆಮಾರಿನ ವಾಹನವೊಂದರ ಜೀರ್ಣೋದ್ಧಾರಕ್ಕೆ ತೊಡಗಿದವರಿಗೆ ಎಂಜಿನ್ನಿನಷ್ಟೇ ಕಠಿಣವಾಗಿ ಎದುರಾಗುವುದು ಮರಗೆಲಸ. ಈ ಮರಗೆಲಸದ ಮೂಲ ಸಾರೋಟಿನಲ್ಲಿದೆ. ಅದರ ಸಮೀಪದ ಅರಿವು ಇಂದಿಗೂ ಚಕ್ಕಡಿ ಕಟ್ಟುವವರ ಕೈಯಲ್ಲಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1886ರಲ್ಲಿ ಕಾರ್ಲ್ ಬೆಂಜ್ ತಮ್ಮ ತ್ರಿಚಕ್ರ ವಾಹನಕ್ಕೆ ಪೇಟೆಂಟ್ ಪಡೆದರು. ಅದೇ ವರ್ಷ ಗಾಟ್ಲೀಬ್ ಡೈಮ್ಲರ್ ಸಾರೋಟು ತಯಾರಕರಿಂದ ಕುದುರೆಗಾಡಿಯೊಂದನ್ನು ತರಿಸಿ, ಅದಕ್ಕೆ ಎಂಜಿನ್ ಕೂರಿಸಿದರು. ಕಾರಿನ ಮುಂಗಾಲಿಗಳನ್ನು ತಿರುಗಿಸುವ ಏರ್ಪಾಡು ಕೂಡ ಮ್ಯೂನಿಕ್ಕಿನ ಸಾರೋಟು ತಯಾರಕ ಲ್ಯಾಂಕೆನ್‌ಸ್ಪರ್ಗರ್ ಅವರ ಕಲ್ಪನೆ. 1818ರಲ್ಲಿ ರುಡಾಲ್ಫ್ ಆಕರ್‌ಮನ್ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮಲ್ಲಿಯೂ ಇದೇ ಕ್ರಮ ಕಾಣುತ್ತದೆ. ಸಾರೋಟು ಕಟ್ಟುತ್ತಿದ್ದ ಮದ್ರಾಸಿನ ಸಿಂಪ್ಸನ್ ಸಂಸ್ಥೆಯಲ್ಲಿಯೇ 1903ರಲ್ಲಿ ಉಗಿಚಾಲಿತ ಕಾರೊಂದು ಸಿದ್ಧವಾಯಿತು.

ಬಾಗಲಕೋಟೆ, ಹುನಗುಂದ, ಇಳಕಲ್ಲ ಸೀಮೆಯ ಸಾಂಪ್ರದಾಯಿಕ ಚಕ್ಕಡಿಯ ಗಾಲಿಯನ್ನು ಈಗ ಗಮನಿಸಬಹುದು. ನಡುವಿನ ಗುಂಬಕ್ಕೆ ಅರಗಳನ್ನು ನಾಟಿ, ಹೊರಸುತ್ತಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸುವುದು ಬಡಿಗೇರರ ಕೆಲಸ. ಕಂಬಾರರು ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುತ್ತಾರೆ. ಗಾಲಿಗೆ ತೊಡಿಸಿ ನೀರೆರೆಯುತ್ತಾರೆ. ತಣಿದ ಪಟ್ಟಿ ಕುಗ್ಗುತ್ತಲೇ ಎಲ್ಲ ಸಂದುಗಳೂ ಒಮ್ಮೆಗೇ ಬಿಗಿಯುತ್ತವೆ.

ಆರಂಭದ ಅನೇಕ ಕಾರುಗಳ ಮರದ ಗಾಲಿಯಲ್ಲಿ ಈ ತತ್ವವೇ ಇದೆ. ವ್ಯತ್ಯಾಸವಿರುವುದು ನಡುಭಾಗದಲ್ಲಿ. ಅಲ್ಲಿ ಮರದ ಗುಂಬವಿಲ್ಲ. ಬೆಣೆಯಾಕಾರದ ಅರಗಳ ಬುಡಗಳು ಒಂದಕ್ಕೊಂದು ಒತ್ತಿ ನಿಂತು, ಎರಡು ಲೋಹದ ಬಿಲ್ಲೆಗಳ ನಡುವೆ ಬೋಲ್ಟುಗಳಿಂದ ಬಂಧಿತವಾಗಿರುತ್ತವೆ. ಆದ್ದರಿಂದ ಒಂದು ಅರದ ಬುಡ ಕೊಂಚ ಸವೆದರೂ ಇಡೀ ಗಾಲಿ ಸಡಿಲಗೊಳ್ಳುತ್ತದೆ. ಹೊಸ ಅರವನ್ನು ಮರದ ನಾರಿನ ಉದ್ದಕ್ಕೇ ಸೀಳಿ ತೆಗೆಯಬೇಕು. ನಾರು ಅಡ್ಡ ಕಡಿದರೆ ಭಾರಕ್ಕೆ ಮುರಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಸಡಿಲವಾದ ಚಕ್ಕಡಿ ಗಾಲಿಯನ್ನು ನೀರಿನಲ್ಲಿ ನೆನೆಸಿ ಬಿಗಿಗೊಳಿಸುವ ರೂಢಿಯಿದೆ. ಕಾರಿನ ಗಾಲಿಗೆ ಇದು ತಾತ್ಕಾಲಿಕ ಉಪಾಯ ಮಾತ್ರ. ಒಳಗಿಳಿದ ನೀರಿನಿಂದ ಬೋಲ್ಟು ತುಕ್ಕು ಹಿಡಿದು, ಅರದ ಬುಡ ಕೊಳೆಯುವ ಅಪಾಯವಿದೆ.

ಜೀರ್ಣೋದ್ಧಾರವೆಂದರೆ ಹೊಸದಾಗಿಸುವುದಲ್ಲ. ಬಿಚ್ಚುವ ಮುನ್ನ ಅಳತೆ ಮತ್ತು ಛಾಯಾಚಿತ್ರಗಳ ದಾಖಲೆ, ಗಟ್ಟಿಯಿರುವ ಮೂಲ ಭಾಗಗಳ ಉಳಿಕೆ, ಬದಲಿಸಿದ ಭಾಗಕ್ಕೆ ಗುರುತು, ಇವು ಅದರ ನಿಯಮಗಳು. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳೂ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳನ್ನಷ್ಟೇ ವಿಂಟೇಜ್ ವರ್ಗಕ್ಕೆ ಸೇರಿಸುತ್ತವೆ. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಹಳೆಯ ಕಾರುಗಳು ರಕ್ಷಿತವಾಗಿವೆ. ವಾಹನಕ್ಕೆ ದೊರೆತ ಈ ಆಶ್ರಯ ಅದನ್ನು ದುರಸ್ತಿ ಮಾಡಬಲ್ಲ ಕಸುಬಿಗೆ ದೊರೆತಿಲ್ಲ.

ಟ್ರ್ಯಾಕ್ಟರು ಮತ್ತು ರಬ್ಬರ್ ಗಾಲಿಯ ಬಂಡಿಗಳು ಮರದ ಗಾಲಿಯ ಬೇಡಿಕೆಯನ್ನು ಕುಗ್ಗಿಸಿವೆ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ ಜನವಸತಿ ನವನಗರಕ್ಕೆ ಸರಿದಾಗ, ಓಣಿಗಳ ಹಳೆಯ ನೆರೆಹೊರೆಗಳೂ ಚದುರಿದವು. ಬಾದಾಮಿಯ ಬನಶಂಕರಿ ಜಾತ್ರೆಗೆ ಮಾಡಲಗೇರಿಯಿಂದ ತೇರಿನ ಹಗ್ಗ ಹಳಿಬಂಡಿಯಲ್ಲಿ ಬರುವ ಸಂಪ್ರದಾಯ ಉಳಿದಿರುವುದು ಸಮಾಧಾನದ ಸಂಗತಿ. ಆಚರಣೆಯ ಆಸರೆಯಿಲ್ಲದ ದಿನಬಳಕೆಯ ಗಾಲಿಗೆ ಅಂತಹ ಭಾಗ್ಯವಿಲ್ಲ.

ಆದಕಾರಣ ಈ ಸೀಮೆಯ ಹಿರಿಯ ಬಡಿಗೇರರು ಮತ್ತು ಕಂಬಾರರ ಅಳತೆ, ಉಪಕರಣ, ಮರದ ಆಯ್ಕೆ, ಕಸುಬಿನ ಪದಗಳನ್ನು ದಾಖಲಿಸುವ ಕ್ಷೇತ್ರಕಾರ್ಯ ಶೀಘ್ರವಾಗಿ ನಡೆಯಬೇಕಾಗಿದೆ. ಎಂಜಿನ್ನಿನ ನಕ್ಷೆಗಳು ಮುದ್ರಣದಲ್ಲಿ ಸಿಗುತ್ತವೆ. ಕಾದ ಪಟ್ಟಿಯನ್ನು ಯಾವ ಕ್ಷಣದಲ್ಲಿ ಗಾಲಿಗೆ ಇಳಿಸಬೇಕೆಂಬುದನ್ನು ಮಾತ್ರ ಅದನ್ನು ಮಾಡಿದವರಿಂದಲೇ ಕಲಿಯಬೇಕು.